ಆದಿ ವಿಶ್ವದ ಥಿಯರಿ ಸಂಶೋಧನೆ: ಈಗಿಂದ ಏನು ಮಾಡಬೇಕು? ಬಲ್ಲವರು ಹೇಳಿ

ಪ್ರಶ್ನೆ: ತಂಗಿ ಬಿಎಸ್ಸಿ ಎರಡನೇ ವರ್ಷ, ಫಿಸಿಕ್ಸ್-ಮ್ಯಾಥ್ಸ್. ಆದಿ ವಿಶ್ವದ ಮೇಲೆ ಥಿಯರಿ ಮಾಡ್ತೀನಿ ಅಂತಾಳೆ. ಏನೇನು ಕಲೀಬೇಕು? ಕೆಲಸ ಸಿಗೋಕೆ ಎಷ್ಟು ವರ್ಷ?

ಉತ್ತರ 1: ಬಿಗ್ ಬ್ಯಾಂಗ್ ವಿಡಿಯೋ ನೋಡಿದ್ದು ಸಾಕು, ಒಂದು ಲೆಕ್ಕ ಕೊಡಿ. ಫ್ರೀಡ್‌ಮನ್ ಸಮೀಕರಣವನ್ನ (ವಿಶ್ವ ಹಿಗ್ಗೋ ದರ ಹೇಳೋದು) ಪೈಥಾನ್‌ನಲ್ಲಿ ಇಂಟಿಗ್ರೇಟ್ ಮಾಡಲಿ. ಹಬಲ್ ಸ್ಥಿರಾಂಕ, ಅಂದ್ರೆ ವಿಶ್ವ ಈಗ ಹಿಗ್ಗುತ್ತಿರೋ ದರ, 67.4 (ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಇಷ್ಟು ಕಿ.ಮೀ.), ದ್ರವ್ಯದ ಪಾಲು 0.315, ಉಳಿದದ್ದು ಡಾರ್ಕ್ ಎನರ್ಜಿ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಬರಬೇಕು. ವಿಕಿರಣದ ಪದ ಬಿಟ್ಟರೂ ಇಷ್ಟೇ ಬರುತ್ತೆ, ಮೋಸ ಹೋಗೋದೇ ಅಲ್ಲಿ. ಅದೇ ಕೋಡಲ್ಲಿ ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದಂತೆ ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಅನ್ನೋ ಅಳತೆ) 1090ರಲ್ಲಿ ವಿಶ್ವದ ವಯಸ್ಸು ತೆಗೆಯಲಿ: ವಿಕಿರಣ ಬಿಟ್ಟರೆ 4.8 ಲಕ್ಷ ವರ್ಷ, ಸೇರಿಸಿದರೆ 3.7 ಲಕ್ಷ. ಆಗ ವಿಕಿರಣದ ಸಾಂದ್ರತೆ ದ್ರವ್ಯದ ಮೂರನೇ ಒಂದರಷ್ಟಿತ್ತು. ಈ ವ್ಯತ್ಯಾಸ ಹುಡುಕೋದ್ರಲ್ಲಿ ಮಜಾ ಬರದಿದ್ರೆ ಈಗಲೇ ಗೊತ್ತಾಗಲಿ ಬಿಡಿ.

ಉತ್ತರ 2: ಆಮೇಲೆ ಕ್ಲಾಸ್ (CLASS), ಕ್ಯಾಂಬ್ (CAMB) ಅನ್ನೋ ಆದಿ ವಿಶ್ವದ ಲೆಕ್ಕ ಮಾಡೋ ಕೋಡ್‌ಗಳು. ಎರಡೂ ಪುಕ್ಕಟೆ. ಒಂದೇ ಪವರ್ ಸ್ಪೆಕ್ಟ್ರಮ್ (ಯಾವ ಅಳತೆಯಲ್ಲಿ ದ್ರವ್ಯ ಎಷ್ಟು ಗುಂಪಾಗಿದೆ ಅನ್ನೋ ಗ್ರಾಫ್) ಎರಡರಲ್ಲೂ ತೆಗೆದು ಒಂದರ ಮೇಲೊಂದು ಇಟ್ಟರೆ ಗೆರೆ ಕೂಡಲ್ಲ. ಕ್ಲಾಸ್ ಮೆಗಾಪಾರ್ಸೆಕ್‌ನಲ್ಲಿ ಕೊಡುತ್ತೆ, ಕ್ಯಾಂಬ್ ಸಾಮಾನ್ಯವಾಗಿ ಮೆಗಾಪಾರ್ಸೆಕ್ ಭಾಗಿಸು ಎಚ್‌ನಲ್ಲಿ (ಎಚ್ ಅಂದ್ರೆ ಹಬಲ್ ಸ್ಥಿರಾಂಕದ ನೂರನೇ ಒಂದು ಭಾಗ, ಇಲ್ಲಿ 0.674). 0.674ರ ಘನ ಅಂದ್ರೆ ಎತ್ತರ ಮೂರು ಪಟ್ಟು ತಪ್ಪುತ್ತೆ.

ಉತ್ತರ 3: ವರ್ಷದ ಲೆಕ್ಕ: ಪಿಎಚ್‌ಡಿ 5-6, ಆಮೇಲೆ ಎರಡೋ ಮೂರೋ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಒಂದೊಂದು 2-3 ವರ್ಷ. ಕಾಯಂ ಹುದ್ದೆ ಹೊತ್ತಿಗೆ ಮೂವತ್ತೈದರ ಆಚೀಚೆ, ಸಿಕ್ಕೇ ಸಿಗುತ್ತೆ ಅಂತಿಲ್ಲ. ಕೊನೇ ವರ್ಷದಲ್ಲೇ ಜಾಮ್ (JAM), ಜೆಸ್ಟ್ (JEST) ಪ್ರವೇಶ ಪರೀಕ್ಷೆ ಬರೆಸಿ. ಇಂಟಿಗ್ರೇಟೆಡ್ ಪಿಎಚ್‌ಡಿಗೆ ಬೇಕು. ಜೆಆರ್‌ಎಫ್ (ಪಿಎಚ್‌ಡಿ ಮಾಡೋರ ಫೆಲೋಶಿಪ್) ತಿಂಗಳಿಗೆ 37,000, ಎರಡು ವರ್ಷ ಕಳೆದ ಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ.

ಉತ್ತರ 4: ಥಿಯರಿ ಅಂತ ಉಪಕರಣ ಮಾಡೋರಿಂದ ದೂರ ಕೂರೋದು ಬೇಡ. 2018ರಲ್ಲಿ ಎಡ್ಜಸ್ (EDGES, ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಸಂಕೇತ ಹುಡುಕೋ ಪ್ರಯೋಗ) ತಂಡ 78 ಮೆಗಾಹರ್ಟ್ಸ್ ಹತ್ತಿರ ಅರ್ಧ ಕೆಲ್ವಿನ್ ಆಳದ ತಗ್ಗು ಕಂಡಿದೆ ಅಂತು. ಜಲಜನಕದ ಗೆರೆಯ 1420 ಮೆಗಾಹರ್ಟ್ಸನ್ನ 78ರಿಂದ ಭಾಗಿಸಿ ಒಂದು ಕಳೆದರೆ ರೆಡ್‌ಶಿಫ್ಟ್ ಸುಮಾರು 17. ಆಳ ನಿರೀಕ್ಷೆಗಿಂತ ಎರಡು ಪಟ್ಟು, ಹಾಗಾಗಿ ಡಾರ್ಕ್ ಮ್ಯಾಟರ್ ಪೇಪರ್‌ಗಳ ಸುರಿಮಳೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಇದೇ ಸಂಕೇತ ಹುಡುಕೋಕೆ ಸರಸ್-3 ಅನ್ನೋ ರೇಡಿಯೋ ಆಂಟೆನಾವನ್ನ ದಂಡಿಗಾನಹಳ್ಳಿ ಕೆರೆ, ಶರಾವತಿ ಹಿನ್ನೀರಲ್ಲಿ ತೇಲಿಸಿ ಅಳೆದರು. ನೆಲದ ಮೇಲಿಟ್ಟರೆ ಕೆಳಗಿನ ಪದರಗಳ ಪ್ರತಿಫಲನವೇ ಸುಳ್ಳು ತಗ್ಗು ತೋರಿಸಬಹುದು, ಅದಕ್ಕೇ ನೀರು. 2022ರಲ್ಲಿ ಬಂದ ಫಲಿತಾಂಶ: ಎಡ್ಜಸ್ ಹೇಳಿದ ಆ ಸಂಕೇತ ಇಲ್ಲ, 95.3% ಖಚಿತತೆಯಲ್ಲಿ.

ಉತ್ತರ 5: ಪೋಸ್ಟ್‌ಡಾಕ್ ಅರ್ಜಿ ಕಾಲ ಸೆಪ್ಟೆಂಬರ್‌ನಿಂದ ಡಿಸೆಂಬರ್. ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು, ತಿಂಗಳ ಮೊದಲೇ ಕೇಳಿಡಿ. ಸಂಶೋಧನಾ ಯೋಜನೆ ಅಂತ ಪಿಎಚ್‌ಡಿ ಸಾರಾಂಶ ಬರೆಯೋದೇ ದೊಡ್ಡ ತಪ್ಪು. ಅರ್ಧಕ್ಕಿಂತ ಹೆಚ್ಚು ಮುಂದಿನ ಕೆಲಸ ಇರಲಿ.