ಕಾಡತೂಸು, ಗುಂಡು, ತೋಟಾ: ಯಾವುದು ಯಾವುದಕ್ಕೆ?

ಎಲ್ಲರಿಗೂ ನಮಸ್ಕಾರ್ರೀ. ಧಾರವಾಡದಿಂದ ಒಂದು ಪದದ ತಕರಾರು.

ಪುಣೆ ಹತ್ತಿರದ ಖಡಕಿಯ ಮದ್ದುಗುಂಡಿನ ಕಾರ್ಖಾನೆ ಬಗ್ಗೆ ಒಂದು ಬರಹ ಕನ್ನಡಕ್ಕೆ ತರುತ್ತಿದ್ದೇನೆ. 1869ರಲ್ಲಿ ಶುರುವಾದ ಕಾರ್ಖಾನೆ, 2021ರ ಅಕ್ಟೋಬರಿನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕಂಪನಿಯ ಪಾಲಿಗೆ ಬಂತು. ಚರಿತ್ರೆಯ ಭಾಗ ಸಲೀಸಾಗಿ ಆಯ್ತು. ಕೈ ನಿಂತದ್ದು ಅಲ್ಲಿ ತಯಾರಾಗುವ ಸಾಮಾನಿನ ಹೆಸರಿಗೆ.

ಹಿತ್ತಾಳೆ ಕೊಳವೆ, ಅದರ ತಳದಲ್ಲಿ ಕಿಡಿ ಹಾರಿಸುವ ಕೇಪು, ಒಳಗೆ ಮದ್ದು, ಬಾಯಿಗೆ ಸೀಸದ ಗುಂಡು. ನಾಲ್ಕೂ ಕೂಡಿದ್ದಕ್ಕೆ ಒಂದು ಹೆಸರು ಬೇಕಲ್ಲ. ನಮ್ಮ ಪೇಪರಿನವರಿಗೆ ಎಲ್ಲವೂ 'ಗುಂಡು'. 'ಸ್ಥಳದಲ್ಲಿ ಎರಡು ಖಾಲಿ ಗುಂಡು ಪತ್ತೆ' ಅಂತ ಬರೀತಾರೆ. ಗುಂಡು ಹಾರಿ ಹೋಗಿರುತ್ತದೆ, ಬಿದ್ದಿರೋದು ಬರೀ ಕೊಳವೆ. ಗುಂಡು ಖಾಲಿ ಆಗೋದಾದರೂ ಹೆಂಗ? 'ಜೀವಂತ ಗುಂಡು' ಅನ್ನೋದಂತೂ ಇಂಗ್ಲಿಷಿನ ಪಡಿಯಚ್ಚು. ಇಷ್ಟು ಸಾಲದು ಅಂತ ಜಾತ್ರ್ಯಾಗ ಎತ್ತೋ ಕಲ್ಲೂ ಗುಂಡೇ, ಸಂಜಿಗೆ ಹಾಕೋದೂ ಗುಂಡೇ.

ಮಲೆನಾಡಿನ ಗೆಳೆಯರು 'ತೋಟಾ' ಬರಿ ಅಂದರು. ಬರೆದೆ. ಕರಡು ತಿದ್ದಿದವರು ದೀರ್ಘ ತೆಗೆದು 'ಕಾರ್ಖಾನೆಯ ತೋಟಗಳು' ಮಾಡಿ ಕಳಿಸಿದರು! ಮಾತಿನಲ್ಲಿ ನಮಗೆ ತೊಂದರೆ ಇಲ್ಲ, ನಮ್ಮ ತೋಟ 'ತ್ವಾಟ' ಆಗಿರುತ್ತದೆ. ಬರಹದಲ್ಲಿ ಮಾತ್ರ ಮದ್ದಿನ ಕಾರ್ಖಾನೆ ಹೂವು ಬೆಳೆದಂಗಾತು.

ಹಾಗಾಗಿ ನನ್ನ ಒಲವು 'ಕಾಡತೂಸಿ'ನ ಕಡೆ. ಪೋರ್ತುಗೀಸರ ಕಾರ್ತುಶು ಮರಾಠಿಯಲ್ಲಿ ಕಾಡತೂಸ ಆಗಿ ನಮಗೆ ದಕ್ಕಿದೆ. ಮೂಲದ 'ಕಾರ್ತಾ' ಅಂದರೆ ಕಾಗದ. ರೇಷನ್ ಕಾರ್ಡಿನ ಕಾರ್ಡೂ ಅದೇ ಬುಡದ್ದು. ಮೊದಲು ಮದ್ದು, ಗುಂಡು ಎರಡನ್ನೂ ಕಾಗದದಲ್ಲೇ ಸುತ್ತುತ್ತಿದ್ದರು. 1857ರಲ್ಲಿ ಸಿಪಾಯಿಗಳು ಹಲ್ಲಿಂದ ಕಚ್ಚಿ ಹರಿಯಲ್ಲ ಅಂದದ್ದು ಆ ಕಾಗದವನ್ನೇ. ಹಾವೇರಿ ಕಡೆಯ ನಮ್ಮಜ್ಜ ಕಾಡಹಂದಿ ಕಾಯಲಿಕ್ಕೆ ಬಂದೂಕು ಇಟ್ಟಿದ್ದ. ಮಳಿಗಾಲದಾಗ ಹಳೇ ಕಾಡತೂಸು ಉಬ್ಬಿ ನಳಿಗೆಯೊಳಗೆ ಇಳಿಯುತ್ತಿದ್ದಿಲ್ಲ, ಅವೂ ಕಾಗದದವೇ. ಆಮೇಲೆ ಪ್ಲಾಸ್ಟಿಕ್ಕಿನವು ಬಂದವು. ಖಾಲಿ ಆದದ್ದನ್ನು ತುಟಿಗೆ ಹಿಡಿದು ಊದಿದರೆ ಸಿಳ್ಳೆ ಬರುತ್ತಿತ್ತು, ಮೂಗಿಗೆ ಸುಟ್ಟ ಮದ್ದಿನ ಘಾಟು. ಹಿತ್ತಾಳೆ ತಳದ ಮೇಲೆ 'ಕೆಎಫ್' ಅಂತ ಎರಡು ಇಂಗ್ಲಿಷ್ ಅಕ್ಷರ ಇರುತ್ತಿದ್ದವು. ಅದು ಕಿರ್ಕೀ ಫ್ಯಾಕ್ಟರಿ, ಅಂದರೆ ಇದೇ ಖಡಕಿ ಅನ್ನೋದು ಈ ಅನುವಾದಕ್ಕೆ ಕೂತಾಗ ತಿಳಿಯಿತು.

'ಹನ್ನೆರಡು ಬೋರು' ಅನ್ನೋದನ್ನು ಹಾಗೇ ಇಡುತ್ತೇನೆ, ಆದರೆ ಒಂದು ಸಾಲಿನ ವಿವರಣೆ ಬೇಕು. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು, ಸುಮಾರು 18.5 ಮಿ.ಮೀ. ಹಂಗಾಗಿ 16 ಬೋರು ಇದಕ್ಕಿಂತ ಸಣ್ಣದು. ಹೊಲದಾಗ ಬೋರು ಕೊರೆಸಿದವರಿಗೆ ಈ ಲೆಕ್ಕ ತಿರುಗಾಮುರುಗಾ ಅನ್ನಿಸೀತು.

ಈಗ ಕೇಳೋದು ಎರಡು. ಹಾರಿಸಿದ ಮೇಲೆ ಉಳಿಯುವ ಕೊಳವೆಗೆ ನಿಮ್ಮ ಕಡೆ ಏನಂತಾರೆ? ನಮ್ಮಜ್ಜ ಬರೇ 'ಖಾಲಿ' ಅಂತಿದ್ದ, 'ಖಾಲಿ ಆರಿಸಿ ತಾರೋ' ಅಂತ. ಇನ್ನೊಂದು, ಹಾರಿಸದೇ ಇರೋದಕ್ಕೆ 'ಜೀವಂತ' ಬಿಟ್ಟು 'ಭರ್ತಿ ಕಾಡತೂಸು' ಅಂದರೆ ಬೆಂಗಳೂರು, ಮಂಗಳೂರಿನವರಿಗೆ ಅರ್ಥ ಆದೀತೇನ್ರೀ?