ಅಜ್ಜನ ಪಿಟೀಲಿನೊಳಗೆ ‘ಸ್ಟ್ರಾಡಿವೇರಿಯಸ್ 1721’ ಎಂಬ ಚೀಟಿ: ವಾದ್ಯದ ಮೂಲವನ್ನು ತಿಳಿಯುವುದು ಹೇಗೆ?

ಪ್ರಶ್ನೆ (ತುಂಗಾತೀರ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ತಂದೆ ಶಿವಮೊಗ್ಗದಲ್ಲಿ ಶಾಲಾ ಮಾಸ್ತರರಾಗಿದ್ದರು. ಸಂಜೆ ಹೊತ್ತು ಮನೆಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದರು. ಅವರು 1938ರಲ್ಲಿ ಮದರಾಸಿನಲ್ಲಿ ಕೊಂಡುತಂದ ವಾದ್ಯ ಈಗ ನನ್ನ ಬಳಿ ಇದೆ. ಮೇಲುಹಲಗೆಯ ಎಡಗಡೆ ಎಫ್ ಅಕ್ಷರದಂತೆ ಕೊರೆದ ರಂಧ್ರದಿಂದ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಹಳದಿಗಟ್ಟಿದ ಚೀಟಿಯೊಂದು ಕಾಣುತ್ತದೆ. ಅದರಲ್ಲಿ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್ ಫೇಸಿಯೆಬಾಟ್ ಆನ್ನೊ 1721’ (ಕ್ರೆಮೊನಾದ ಆಂಟೋನಿಯೊ ಸ್ಟ್ರಾಡಿವರಿ 1721ರಲ್ಲಿ ಮಾಡಿದ್ದು) ಎಂಬ ಲ್ಯಾಟಿನ್ ಸಾಲು ಅಚ್ಚಾಗಿದ್ದು, ಪಕ್ಕದಲ್ಲಿ ವೃತ್ತದೊಳಗೆ ಶಿಲುಬೆ ಮತ್ತು ಎ, ಎಸ್ ಅಕ್ಷರಗಳಿವೆ. ಚೀಟಿಯ ಕೆಳಅಂಚು ಹರಿದುಹೋಗಿದೆ.

ಕಳೆದ ತಿಂಗಳು ಒಬ್ಬ ವ್ಯಾಪಾರಿಗೆ ತೋರಿಸಿದಾಗ ಅವರು ಇದು ಇಟಲಿಯದೇ ಇರಬೇಕೆಂದೂ, ತಮ್ಮಲ್ಲೇ ಬಿಟ್ಟುಹೋದರೆ ವಿದೇಶಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸುವುದಾಗಿಯೂ ಹೇಳಿದರು. ರಸೀದಿ ಕೊಡಲು ಒಪ್ಪದ ಕಾರಣ ನಾನು ವಾದ್ಯವನ್ನು ವಾಪಸು ತಂದೆ. ಮಾರುವ ಉದ್ದೇಶ ನನಗಿಲ್ಲ. ಮಗಳು ಇದರಲ್ಲೇ ಪಾಠ ಮುಂದುವರಿಸಬೇಕೆಂದಿದ್ದಾಳೆ; ಇದು ಎಲ್ಲಿಯದು, ಯಾವ ಕಾಲದ್ದು ಎಂದು ಅವಳಿಗೆ ಸರಿಯಾಗಿ ಹೇಳಬೇಕೆಂಬುದು ನನ್ನ ಆಸೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ (ಬಿರಡೆ)

ವಾದ್ಯವನ್ನು ವಾಪಸು ತಂದದ್ದು ಒಳ್ಳೆಯದಾಯಿತು. ನಾನು ಪಿಟೀಲು ರಿಪೇರಿಯ ಕೆಲಸ ಮಾಡುತ್ತೇನೆ. ಇಂಥ ಚೀಟಿಯಿರುವ ವಾದ್ಯಗಳು ನನ್ನ ಬಳಿಗೆ ಆಗಾಗ ಬರುತ್ತಲೇ ಇರುತ್ತವೆ.

ಚೀಟಿಯನ್ನು ಸದ್ಯಕ್ಕೆ ಬದಿಗಿಡಿ. ಹೆಸರಾಂತ ಪಿಟೀಲು ತಯಾರಕ ಆಂಟೋನಿಯೊ ಸ್ಟ್ರಾಡಿವರಿ ಇಟಲಿಯ ಕ್ರೆಮೊನಾದಲ್ಲಿ 1737ರವರೆಗೆ ಬದುಕಿದ್ದ, ಅವನ ಕೈಯಿಂದ ಬಂದ ಸುಮಾರು 650 ವಾದ್ಯಗಳು ಇಂದಿಗೂ ಉಳಿದಿವೆ. ಆದರೆ ಅವನ ಹೆಸರಿನ ಚೀಟಿ ಅಂಟಿಸಿದ ಕಾರ್ಖಾನೆ ಪಿಟೀಲುಗಳು ಲಕ್ಷಗಟ್ಟಲೆ. ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಮಾರ್ಕ್‌ನಾಯ್‌ಕಿರ್ಖೆನ್, ಗಡಿಯಾಚೆ ಬೊಹೀಮಿಯಾದ (ಇಂದಿನ ಜೆಕ್ ದೇಶ) ಶೋನ್‌ಬಾಖ್, ಫ್ರಾನ್ಸಿನ ಮಿರ್‌ಕೂರ್ ಇವೇ ಅವುಗಳ ತವರು. ಮಾರ್ಕ್‌ನಾಯ್‌ಕಿರ್ಖೆನ್ ಸುತ್ತಮುತ್ತ ಒಂದು ಮನೆಯವರು ಕುತ್ತಿಗೆಯ ತುದಿಯ ಸುರುಳಿತಲೆ ಮಾತ್ರ ಕೆತ್ತಿದರೆ, ಇನ್ನೊಂದು ಮನೆಯವರು ಬೆನ್ನುಹಲಗೆ ಮಾತ್ರ ತಯಾರಿಸುತ್ತಿದ್ದರು. ಸಗಟು ವ್ಯಾಪಾರಿಗಳು ಎಲ್ಲವನ್ನೂ ಜೋಡಿಸಿ, ಚೀಟಿ ಅಂಟಿಸಿ, ಹಡಗು ಹತ್ತಿಸುತ್ತಿದ್ದರು. ಆ ಚೀಟಿ ‘ಸ್ಟ್ರಾಡಿವರಿಯ ಮಾದರಿ’ ಎಂಬುದನ್ನಷ್ಟೇ ಸೂಚಿಸುತ್ತಿತ್ತು, ಕೊಳ್ಳುವವರಿಗೂ ಅದು ಗೊತ್ತಿರುತ್ತಿತ್ತು. ಮೋಸವೆಲ್ಲ ಎರಡು ಮೂರು ತಲೆಮಾರು ಕಳೆದ ಮೇಲೆ ಶುರುವಾಗುವುದು. ಅಸಲಿ ಚೀಟಿಯಲ್ಲಿ ವರ್ಷದ ಮೊದಲ ಅಂಕಿಗಳು ಮಾತ್ರ ಅಚ್ಚಾಗಿದ್ದು, ಉಳಿದವನ್ನು ಕೈಯಲ್ಲಿ ಬರೆಯಲಾಗುತ್ತಿತ್ತು. ನಿಮ್ಮದರಲ್ಲಿ 1721 ಪೂರ್ತಿ ಅಚ್ಚಾಗಿದೆ. ಹರಿದುಹೋದ ಅಂಚಿನಲ್ಲಿ ದೇಶದ ಹೆಸರಿತ್ತೆಂದು ನನಗನಿಸುತ್ತದೆ, ಏಕೆಂದರೆ ಅಮೆರಿಕದ ಸುಂಕದ ಕಾಯ್ದೆಯಿಂದಾಗಿ 1891ರಿಂದ ತಯಾರಾದ ದೇಶದ ಹೆಸರನ್ನು ಮುದ್ರಿಸಲೇಬೇಕಾಯಿತು.

ನಿಜವಾದ ಸಾಕ್ಷಿ ಇರುವುದು ಒಳಗಿನ ಮರಗೆಲಸದಲ್ಲಿ. ಕ್ರೆಮೊನಾದವರು ಒಳಅಚ್ಚಿನ ಸುತ್ತ ಪಕ್ಕೆಪಟ್ಟಿಗಳನ್ನು (ವಾದ್ಯದ ಬದಿಯ ತೆಳು ಮರದ ಪಟ್ಟಿಗಳನ್ನು) ಬಗ್ಗಿಸಿ, ನಾಲ್ಕು ಮೂಲೆಗಳಲ್ಲೂ ಮರದ ದಿಮ್ಮಿ ಕೂರಿಸುತ್ತಿದ್ದರು. ಸ್ಯಾಕ್ಸನಿಯ ಅಗ್ಗದ ಕೆಲಸದಲ್ಲಿ ಆ ಮೂಲೆಗಳು ಖಾಲಿ. ಕೆಲವೊಮ್ಮೆ ಹೊರಗಿನಿಂದ ಇಣುಕುವವರಿಗಾಗಿ ತೆಳುವಾದ ಚೂರೊಂದನ್ನು ಅಂಟಿಸಿರುತ್ತಾರೆ. ಎರಡನೆಯದು ಬೇಸ್ ಬಾರ್, ಅಂದರೆ ಮೇಲುಹಲಗೆಯ ಒಳಬದಿಯಲ್ಲಿ ಮಂದ್ರದ ತಂತಿಯ ಕೆಳಗೆ ಉದ್ದಕ್ಕೆ ಸಾಗುವ ಪಟ್ಟಿ. ಒಳ್ಳೆಯ ಕೆಲಸದಲ್ಲಿ ಅದನ್ನು ಬೇರೆ ಮರದಲ್ಲಿ ಮಾಡಿ ಅಂಟಿಸಿರುತ್ತಾರೆ. ಅಗ್ಗದ್ದರಲ್ಲಿ ಹಲಗೆಯನ್ನು ತೋಡುವಾಗಲೇ ಏಣೊಂದನ್ನು ಉಳಿಸಿಬಿಡುತ್ತಾರೆ. ದಯವಿಟ್ಟು ನೀವೇ ಬಿಚ್ಚಲು ಹೋಗಬೇಡಿ. ತಂತಿಗಳನ್ನೆಲ್ಲ ಒಮ್ಮೆಗೇ ಸಡಿಲಿಸಿದರೆ ಅವುಗಳನ್ನು ಎತ್ತಿ ಹಿಡಿಯುವ ಕುದುರೆ ಬೀಳುತ್ತದೆ, ಒಳಗೆ ಎರಡು ಹಲಗೆಗಳ ನಡುವೆ ನಿಂತಿರುವ ಸೌಂಡ್ ಪೋಸ್ಟ್ ಎಂಬ ಕಡ್ಡಿಯೂ ಉರುಳಬಹುದು. ಬಲ್ಲವರಿಂದ ವಾದ್ಯದ ಕೆಳತುದಿಯಲ್ಲಿರುವ ಬುಡದ ಗೂಟವನ್ನು ತೆಗೆಸಿ, ಆ ತೂತಿನಿಂದ ನೋಡಿ.

ಉತ್ತರ (ಹಲಗೆಗೆರೆ)

ಮೇಲಿನವರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ, ಆದರೆ 1891ರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಆ ನಿಯಮ ಅಮೆರಿಕಕ್ಕೆ ಹೋಗುವ ಸರಕಿಗೆ ಸಂಬಂಧಿಸಿದ್ದು. ಮದರಾಸಿಗೆ ಬಂದ ವಾದ್ಯದಲ್ಲಿ ದೇಶದ ಹೆಸರು ಇಲ್ಲದಿದ್ದರೆ ಅದು 1891ಕ್ಕಿಂತ ಹಿಂದಿನದು ಎಂದು ಹೇಳಲು ಬರುವುದಿಲ್ಲ.

ಕಾಲನಿರ್ಣಯಕ್ಕೆ ಮರದ ವಾರ್ಷಿಕ ಉಂಗುರಗಳ ಪರೀಕ್ಷೆ ಇದೆ. ಮೇಲುಹಲಗೆಯ ಸ್ಪ್ರೂಸ್ ಮರದಲ್ಲಿ ಕಾಣುವ ಸಣ್ಣ ಗೆರೆಗಳು ಒಂದೊಂದು ವರ್ಷದ ಬೆಳವಣಿಗೆ. ಅವುಗಳ ಅಗಲವನ್ನು ಅಳೆದು ಆಲ್ಪ್ಸ್ ಪ್ರದೇಶದ ಮರಗಳ ದಾಖಲೆಯೊಡನೆ ಹೋಲಿಸುತ್ತಾರೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿರುವ, 1716ರ ‘ಮೆಸಾಯ’ ಎಂಬ ಸ್ಟ್ರಾಡಿವರಿ ಪಿಟೀಲಿನ ಬಗ್ಗೆ 1990ರ ದಶಕದಲ್ಲಿ ಅನುಮಾನ ಎದ್ದಾಗ ಇದೇ ಪರೀಕ್ಷೆಯನ್ನು ನಡೆಸಿದರು. ಕೊನೆಯ ಉಂಗುರ 1680ರ ದಶಕದ್ದೆಂದು ಕಂಡುಬಂದಿತು. ಈ ಪರೀಕ್ಷೆ ‘ಇದಕ್ಕಿಂತ ಮುಂಚೆ ಮಾಡಿರಲಾರರು’ ಎನ್ನುತ್ತದೆಯೇ ಹೊರತು ಯಾರು ಮಾಡಿದರೆಂದು ಹೇಳುವುದಿಲ್ಲ. ಕೊನೆಯ ಉಂಗುರ 1737ರ ನಂತರದ್ದಾದರೆ ಸ್ಟ್ರಾಡಿವರಿಯ ಹೆಸರನ್ನು ಅಲ್ಲಿಗೇ ಬಿಡಬಹುದು.

ವಿದೇಶಕ್ಕೆ ಕಳುಹಿಸುವ ಮಾತಿನಲ್ಲಿ ಇನ್ನೊಂದು ತೊಡಕಿದೆ. 100 ವರ್ಷ ದಾಟಿದ ಕರಕುಶಲ ವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವುದನ್ನು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ನಿರ್ಬಂಧಿಸುತ್ತದೆ; ರಸೀದಿಯಿಲ್ಲದೆ ಕೊಟ್ಟ ವಾದ್ಯವನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ ಕೇಳಿದವರು (ತುಂಗಾತೀರ)

ಇಬ್ಬರಿಗೂ ಕೃತಜ್ಞತೆಗಳು. ನಮ್ಮೂರಿನ ಹಿರಿಯ ವಿದ್ವಾಂಸರೊಬ್ಬರ ಎದುರಿನಲ್ಲೇ ಗೂಟ ತೆಗೆಸಿ, ದಂತವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ಇಳಿಸಿ ನೋಡಿದೆ. ನಾಲ್ಕು ಮೂಲೆಗಳೂ ಖಾಲಿ. ಪಕ್ಕೆಪಟ್ಟಿಗಳ ತುದಿಗಳು ಒಂದಕ್ಕೊಂದು ನೇರವಾಗಿ ಅಂಟಿಕೊಂಡಿವೆ. ಬೇಸ್ ಬಾರ್‌ನ ಗೆರೆಗಳು ಹಲಗೆಯ ಗೆರೆಗಳೊಡನೆ ಎಲ್ಲಿಯೂ ಮುರಿಯದೆ ಮುಂದುವರಿಯುತ್ತವೆ, ಎರಡೂ ಬದಿಯಲ್ಲಿ ಉಳಿಯ ಒರಟು ಗುರುತುಗಳಿವೆ. ಅಂಚಿನ ಕಪ್ಪು ಗೆರೆ, ಬಣ್ಣ ಸವೆದ ಕಡೆಯಲ್ಲಿ ತಾನೂ ಅಳಿಸಿಹೋಗಿದೆ. ಅದು ಕೂರಿಸಿದ ಮರದ ಪಟ್ಟಿಯಲ್ಲ, ಶಾಯಿಯಲ್ಲಿ ಎಳೆದದ್ದು.

ಸುರುಳಿತಲೆಯ ಒಂದು ಮಗ್ಗುಲು ಮಾತ್ರ ನುಣುಪಾಗಿ ಸವೆದಿದೆ. ಅಜ್ಜ ನೆಲದ ಮೇಲೆ ಕುಳಿತು ಅದನ್ನು ಬಲಗಾಲಿನ ಹಿಮ್ಮಡಿಯ ಬಳಿ ಒರಗಿಸಿಕೊಳ್ಳುತ್ತಿದ್ದ ಜಾಗವದು. ಕುತ್ತಿಗೆಯ ಮರ ಎಣ್ಣೆ ಹೀರಿ ಕಪ್ಪಾಗಿದೆ. ಗಮಕಕ್ಕೆ ಬೆರಳು ಜಾರಲೆಂದು ಅವರು ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದುದನ್ನು ಅಮ್ಮ ಈಗಲೂ ನೆನೆಯುತ್ತಾರೆ. ಪಕ್ಕೆಯ ಒಂದು ಕಡೆ ಅಂಟು ಬಿಟ್ಟಿದೆ. ಏನು ಮಾಡಲಿ?

ಉತ್ತರ (ಬಿರಡೆ)

ಹಾಗಾದರೆ ಹೆಚ್ಚು ಅನುಮಾನವಿಲ್ಲ. ಇದು ಮಾರ್ಕ್‌ನಾಯ್‌ಕಿರ್ಖೆನ್ ಅಥವಾ ಶೋನ್‌ಬಾಖ್ ಸೀಮೆಯ ಕೆಲಸ. 19ನೇ ಶತಮಾನದ ಕೊನೆಯ ದಶಕಗಳಿಂದ 1938ರ ನಡುವೆ ಎಂದು ಮಗಳಿಗೆ ಹೇಳಬಹುದು. ಆ ಎರಡು ಊರುಗಳ ನಡುವೆ ಇನ್ನೂ ಖಚಿತವಾಗಿ ಬೇರ್ಪಡಿಸಲು ಫೋಟೋ ನೋಡಿ ಯಾರಾದರೂ ಮುಂದಾದರೆ ನಂಬಬೇಡಿ, ಗಡಿಯ ಎರಡೂ ಕಡೆ ಕೆಲಸದ ರೀತಿ ಅಷ್ಟೊಂದು ಒಂದೇ. ಕೊಂಡ ಕಾಗದವೇನಾದರೂ ಮನೆಯಲ್ಲಿ ಸಿಕ್ಕಿದರೆ ಪೆಟ್ಟಿಗೆಯಲ್ಲೇ ಇಡಿ. ಚೀಟಿಗಿಂತ ಅದಕ್ಕೆ ಬೆಲೆ ಹೆಚ್ಚು.

ಸವೆದ ಸುರುಳಿಯನ್ನು ಹಾಗೆಯೇ ಬಿಡಿ. ಸ್ಪಿರಿಟ್ ಹಾಕಿ ಒರೆಸಬೇಡಿ, ಹಳೆಯ ವಾರ್ನಿಷ್ ಕರಗಿಬಿಡುತ್ತದೆ. ಪಕ್ಕೆಯನ್ನು ಬಡಗಿಗಳ ಬಿಳಿ ಅಂಟಿನಲ್ಲಿ ಕೂರಿಸಲು ಯಾರಿಗೂ ಬಿಡದೆ, ಬಿಸಿ ಸರೇಸಿನಿಂದಲೇ (ಪ್ರಾಣಿಗಳ ಚರ್ಮದಿಂದ ಮಾಡುವ ಅಂಟಿನಿಂದ) ಅಂಟಿಸಿಕೊಡಬೇಕೆಂದು ಕೇಳಿ: ಹವೆಯ ಏರುಪೇರಿನಲ್ಲಿ ಮರ ಎಳೆದಾಡಿದಾಗ ಸರೇಸು ತಾನು ಬಿಟ್ಟುಕೊಟ್ಟು ಹಲಗೆಯನ್ನು ಉಳಿಸುತ್ತದೆ, ಬಿಳಿ ಅಂಟು ಬಿಡದೆ ಹಲಗೆಯನ್ನೇ ಸೀಳಿಸುತ್ತದೆ.