ಸಹಾಯ ಬೇಕು: ಸಲಹಾ ಮಂಡಳಿ ಹೇಳಿದ್ದನ್ನು ಮಾಡಿ ತೋರಿಸುವುದು ಹೇಗೆ?

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕ ನಾನು. ಎನ್‌ಬಿಎ (ತಾಂತ್ರಿಕ ಕೋರ್ಸ್‌ಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ತಯಾರಿ ನಡೆದಿದ್ದು, ವಿಭಾಗದ ಸಲಹಾ ಮಂಡಳಿಯ ಕಡತ ನನ್ನ ಕೊರಳಿಗೆ ಬಿದ್ದಿದೆ.

ಬೆಂಗಳೂರಿನಿಂದ ಬರುವ ಸದಸ್ಯರು ಬೆಣ್ಣೆದೋಸೆ ತಿಂದು, ‘ಎಲ್ಲ ಚೆನ್ನಾಗಿದೆ’ ಎಂದು ಸಹಿ ಹಾಕಿ ರೈಲು ಹತ್ತುತ್ತಾರೆ. ಮಂಡಕ್ಕಿ ಭಟ್ಟಿಗಳಿಗೆ ಯಂತ್ರ ಮಾಡಿಕೊಡುವ ಊರಿನ ವರ್ಕ್‌ಶಾಪ್ ಮಾಲೀಕರು ಮಾತ್ರ ಕಳೆದ ಸಭೆಯಲ್ಲಿ ಜೇಬಿನಿಂದ ಬೋಲ್ಟ್ ತೆಗೆದು ಮೇಜಿನ ಮೇಲಿಟ್ಟರು. “ಕೊನೆಯ ವರ್ಷದ ಹುಡುಗರಿಗೂ ಇದರ ಅಳತೆ ತೆಗೆಯಲು ಬರುವುದಿಲ್ಲ ಸಾರ್, ಮೊದಲು ವರ್ನಿಯರ್ ಹಿಡಿಯುವುದನ್ನು ಕಲಿಸಿ” ಎಂದರು (ವರ್ನಿಯರ್ ಅಂದರೆ ಸೂಕ್ಷ್ಮ ಅಳತೆಯ ಸಾಧನ). ನಾಚಿಕೆಯಾಯಿತು, ಮಾತು ನಿಜವಾಗಿತ್ತು.

ನಮ್ಮದು ವಿಟಿಯು (ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜಿತ ಕಾಲೇಜು, ಪಠ್ಯಕ್ರಮ ಅಲ್ಲಿಯದು. ಸ್ವಾಯತ್ತ ಕಾಲೇಜಾಗಿದ್ದರೆ ಈ ಸಲಹೆಯನ್ನು ಪಠ್ಯಕ್ರಮ ರೂಪಿಸುವ ನಮ್ಮದೇ ಅಧ್ಯಯನ ಮಂಡಳಿಯ ಮುಂದಿಡಬಹುದಿತ್ತು. ಹಾಗಾಗಿ ಸಂಜೆ ನಾಲ್ಕರ ನಂತರ ಅಳತೆಯ ತರಬೇತಿ ಇಟ್ಟು ನೋಡಿದೆ. ಅಂಕವಿಲ್ಲದ ತರಗತಿ, ಹರಿಹರದ ಬಸ್ಸಿನ ಹೊತ್ತಿಗೆ ಅರ್ಧ ಬೆಂಚು ಖಾಲಿ. ಹಾಜರಿ ಪಟ್ಟಿ, ಫೋಟೊ ಕಡತದಲ್ಲಿವೆ. ಆದರೆ ಅದರಿಂದ ಹುಡುಗರು ಕಲಿತರು ಎಂದು ಹೇಗೆ ತೋರಿಸಲಿ?

ಸಂಯೋಜಿತ ಕಾಲೇಜಿನಲ್ಲಿದ್ದು ಎನ್‌ಬಿಎ ತಂಡವನ್ನು ಎದುರಿಸಿದವರು ದಯವಿಟ್ಟು ತಿಳಿಸಿ: ಪಠ್ಯಕ್ರಮದ ಹೊರಗಿನ ಇಂಥ ತರಬೇತಿಗೆ ಹಾಜರಿ ಪಟ್ಟಿ ಸಾಕಾಯಿತೇ, ಇಲ್ಲವೇ ಮೊದಲು ಮತ್ತು ನಂತರ ಪರೀಕ್ಷೆ ನಡೆಸಿ ಅಂಕಗಳನ್ನೂ ತೋರಿಸಿದಿರೇ?